ಹಳೆಯ 800ರ ಸ್ಟಿಯರಿಂಗ್ ಪ್ಲೇ: ರ್‍ಯಾಕ್ ಬದಲಿಸದೆ ಸರಿಮಾಡಿದ್ದು

ನಮ್ಮ ಮನೆಯಲ್ಲಿರುವುದು ಹಳೆಯ ಮಾರುತಿ 800. ಈಚೆಗೆ ಅದರ ಸ್ಟಿಯರಿಂಗ್ ತೀರಾ ಸಡಿಲವಾಗಿತ್ತು. ಸ್ವಲ್ಪ ತಿರುಗಿಸಿದರೆ ಚಕ್ರಕ್ಕೆ ಗೊತ್ತೇ ಆಗುತ್ತಿರಲಿಲ್ಲ. ಈ ಸಡಿಲಕ್ಕೇ ಪ್ಲೇ ಅನ್ನುವುದು. ಹೈವೇಯಲ್ಲಿ ಗಾಡಿ ಅತ್ತಿತ್ತ ಸರಿಯುತ್ತಿತ್ತು, ಗುಂಡಿಗೆ ಇಳಿದರೆ ಮುಂದೆ ಟಕ್ ಟಕ್ ಸದ್ದು. ಒಂದು ಗ್ಯಾರೇಜಿನಲ್ಲಿ ತೋರಿಸಿದೆ. ಜಾಕ್ ಕೂಡ ಹಾಕದೆ, "ರ್‍ಯಾಕ್ ಹೋಗಿದೆ ಸಾರ್, ಫುಲ್ ಅಸೆಂಬ್ಲಿ ಚೇಂಜ್ ಮಾಡ್ಬೇಕು" ಅಂದರು. ರ್‍ಯಾಕ್ ಅಂದರೆ ಸ್ಟಿಯರಿಂಗ್ ತಿರುಗಿಸಿದಾಗ ಎಡಬಲ ಸರಿದು ಚಕ್ರಗಳನ್ನು ತಿರುಗಿಸುವ ಹಲ್ಲಿನ ಸರಳು. ಸ್ಟಿಯರಿಂಗ್‌ನಿಂದ ಚಕ್ರದ ತನಕ ಎಷ್ಟೊಂದು ಜಾಯಿಂಟ್‌ಗಳಿವೆ. ಪ್ಲೇ ಯಾವುದರಲ್ಲಿದೆ ಅಂತ ಮುಟ್ಟಿ ನೋಡದೆ ಹೇಳಲು ಆಗುತ್ತಾ?

ಮೊದಲು ಟೈರ್‌ಗಳ ಗಾಳಿ ಸರಿಯಿದೆಯಾ ನೋಡಿದೆ. ಆಮೇಲೆ ತಂಗಿಯನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿದೆ. ಕೀ ತಿರುಗಿಸಿ ಸ್ಟಿಯರಿಂಗ್ ಲಾಕ್ ಬಿಡಿಸಿ, ಎಂಜಿನ್ ಆಫ್ ಇರುವಾಗಲೇ ಸ್ಟಿಯರಿಂಗನ್ನು ಎಡಕ್ಕೂ ಬಲಕ್ಕೂ ಸಣ್ಣದಾಗಿ ಆಡಿಸುತ್ತಿರು ಅಂದೆ. ಚಕ್ರಗಳು ನೆಲದ ಮೇಲೇ ಇದ್ದವು. (ಪವರ್ ಸ್ಟಿಯರಿಂಗ್ ಇರುವ ಗಾಡಿಯಾದರೆ ಎಂಜಿನ್ ಆನ್ ಇರಬೇಕು.) ನಾನು ಒಂದೊಂದೇ ಜಾಯಿಂಟ್ ಮೇಲೆ ಬೆರಳಿಟ್ಟೆ. ಜಾಯಿಂಟಿನ ಒಂದು ಕಡೆ ಅಲ್ಲಾಡಿ, ಇನ್ನೊಂದು ಕಡೆ ತಡವಾಗಿ ಅಲ್ಲಾಡಿದರೆ ಪ್ಲೇ ಅಲ್ಲೇ ಇದೆ. ಸ್ಟಿಯರಿಂಗ್ ಕಾಲಂನ (ಸ್ಟಿಯರಿಂಗ್‌ನಿಂದ ಕೆಳಗಿಳಿಯುವ ದಂಡ) ಕೆಳಗಿನ ಜಾಯಿಂಟ್ ಗಟ್ಟಿಯಾಗಿತ್ತು. ರ್‍ಯಾಕಿನ ರಬ್ಬರ್ ಬೂಟನ್ನು ಹಿಂಡಿ ಒಳಗಿನ ರ್‍ಯಾಕ್ ಎಂಡ್ (ರ್‍ಯಾಕಿನ ತುದಿಯ ಜಾಯಿಂಟ್) ನೋಡಿದೆ, ಅದೂ ಸರಿಯಿತ್ತು. ಎಡಗಡೆಯ ಟೈ ರಾಡ್ ಎಂಡ್‌ನಲ್ಲಿ (ರ್‍ಯಾಕಿನಿಂದ ಚಕ್ರಕ್ಕೆ ಹೋಗುವ ರಾಡಿನ ಹೊರತುದಿಯ ಜಾಯಿಂಟ್) ಮಾತ್ರ ರಾಡ್ ಆಡುತ್ತಿತ್ತು, ಚಕ್ರ ಸುಮ್ಮನಿತ್ತು. ಅದರ ರಬ್ಬರ್ ಹರಿದು, ಗ್ರೀಸ್ ಹೋಗಿ, ಒಳಗೆಲ್ಲ ಮಣ್ಣು.

ಆದರೂ ಜಾಕ್ ಹಾಕಿ ಸ್ಟ್ಯಾಂಡ್ ಕೊಟ್ಟು ಖಾತ್ರಿ ಮಾಡಿಕೊಂಡೆ. ಟೈರನ್ನು ಎಡಬಲ ಹಿಡಿದು ಅಲ್ಲಾಡಿಸಿದರೆ ಪ್ಲೇ ಇತ್ತು, ಮೇಲೆ ಕೆಳಗೆ ಹಿಡಿದಾಗ ಇರಲಿಲ್ಲ. ಮೇಲೆ ಕೆಳಗೆ ಆಡಿದರೆ ಯಾರಿಗಾದರೂ ಬ್ರೇಕ್ ಒತ್ತಲು ಹೇಳಿ. ಆಗ ಆಟ ನಿಂತರೆ ತೊಂದರೆ ಚಕ್ರದ ಬೇರಿಂಗ್‌ನಲ್ಲಿ, ನಿಲ್ಲದಿದ್ದರೆ ಚಕ್ರವನ್ನು ಸಸ್ಪೆನ್ಷನ್‌ಗೆ ಜೋಡಿಸುವ ಬಾಲ್ ಜಾಯಿಂಟ್‌ನಲ್ಲಿ.

800ರ ಟೈ ರಾಡ್ ಎಂಡ್ ಕೆಲವೇ ನೂರು ರೂಪಾಯಿ. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ರಾಣೆ ಕಂಪನಿಯ ಒಂದು ಜೊತೆ ತಂದೆ. ಎರಡೂ ಕಡೆಯವು ಒಂದೇ ವಯಸ್ಸಿನವು, ಒಂದನ್ನೇ ಬದಲಿಸುವುದರಲ್ಲಿ ಅರ್ಥವಿಲ್ಲ.

ಎಂಡನ್ನು ರಾಡಿಗೆ ಬಿಗಿಹಿಡಿಯುವ ಲಾಕ್ ನಟ್ ಸಡಿಲ ಮಾಡಿ, ಸ್ಪ್ಲಿಟ್ ಪಿನ್ (ನಟ್ ತಿರುಗದಂತೆ ತಡೆಯುವ ಪಿನ್) ತೆಗೆದು, ಅದು ಹಿಡಿದಿದ್ದ ನಟ್ ಬಿಚ್ಚಬೇಕು. ಎಂಡ್ ಅಷ್ಟಕ್ಕೇ ಕಳಚಿಕೊಳ್ಳುವುದಿಲ್ಲ. ಥ್ರೆಡ್ ಮೇಲೆ ಹೊಡೆಯಬೇಡಿ. ಎಂಡ್ ಕೂತಿರುವ ನಕಲ್ ತೋಳಿನ (ಚಕ್ರವನ್ನು ತಿರುಗಿಸುವ ಲೋಹದ ತೋಳು) ಪಕ್ಕಕ್ಕೆ ಸುತ್ತಿಗೆಯಿಂದ ಜೋರಾಗಿ ಏಟು ಕೊಟ್ಟರೆ ತಾನೇ ಬಿಟ್ಟುಕೊಳ್ಳುತ್ತದೆ. ಹಳೆಯದನ್ನು ಎಷ್ಟು ಸುತ್ತು ತಿರುಗಿಸಿ ತೆಗೆದಿರೋ ಅಷ್ಟೇ ಸುತ್ತು ಹೊಸದನ್ನು ಹಾಕಿ. ಸ್ಪ್ಲಿಟ್ ಪಿನ್ ಹೊಸದೇ ಇರಲಿ. ಪಿನ್ನಿನ ರಂಧ್ರಕ್ಕೆ ನಟ್‌ನ ಸೀಳು ನೇರವಾಗಿ ಬರದಿದ್ದರೆ ನಟ್ ಇನ್ನೂ ಬಿಗಿ ಮಾಡಿ, ಸಡಿಲ ಮಾಡಬೇಡಿ. ಈ ಎಂಡ್ ಓಡುವಾಗ ಕಳಚಿದರೆ ಆ ಚಕ್ರ ಸ್ಟಿಯರಿಂಗ್ ಮಾತು ಕೇಳುವುದಿಲ್ಲ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ರ್‍ಯಾಕಿನ ಅಡ್ಜಸ್ಟ್ ಸ್ಕ್ರೂ ಬಿಗಿ ಮಾಡಿದರೆ ಸಾಕು ಅಂತ ಹೇಳುವವರಿದ್ದಾರೆ. ನಾನು ಅದನ್ನು ಮುಟ್ಟಲಿಲ್ಲ. ಜಾಸ್ತಿ ಬಿಗಿಯಾದರೆ ತಿರುವು ದಾಟಿದ ಮೇಲೆ ಸ್ಟಿಯರಿಂಗ್ ತಾನಾಗಿ ನೇರಕ್ಕೆ ಬರುವುದಿಲ್ಲ, ಎಂಡ್‌ನ ಪ್ಲೇ ಹಾಗೇ ಉಳಿದಿರುತ್ತದೆ.

ಸುತ್ತು ಎಣಿಸಿ ಹಾಕಿದ್ದು ಅಲೈನ್‌ಮೆಂಟ್ ಅಂಗಡಿಯ ತನಕ ಓಡಿಸಲು ಮಾತ್ರ. ಅಲ್ಲಿ ಟೋ (ಮುಂದಿನ ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ) ಸರಿಮಾಡಿಸದಿದ್ದರೆ ಟೈರ್ ಒಂದು ಪಕ್ಕ ಸವೆಯುತ್ತದೆ. ಕೆಲಸ ಮುಗಿದ ಮೇಲೆ ಎರಡೂ ಲಾಕ್ ನಟ್‌ಗೆ ಅವರು ಸ್ಪ್ಯಾನರ್ ಹಾಕಿ ಬಿಗಿ ಮಾಡುವುದನ್ನು ಪಕ್ಕದಲ್ಲೇ ನಿಂತು ನೋಡಿಕೊಂಡೆ.