ಒಂದು ಪಿಕ್ಸೆಲ್‌ಗೆ ಎಷ್ಟು ಆಕಾಶ? – ನನ್ನ ಅನುಭವ

ಆಕಾಶದ ಫೋಟೊ ತೆಗೆಯಲು ನನ್ನ ಬಳಿ ಎರಡು ದೂರದರ್ಶಕಗಳಿವೆ: 80 ಮಿ.ಮೀ. ಎಫ್/6 ರಿಫ್ರ್ಯಾಕ್ಟರ್ (ಮಸೂರದ್ದು), 8 ಇಂಚಿನ ಎಫ್/10 ಶ್ಮಿಟ್-ಕ್ಯಾಸೆಗ್ರೇನ್ (ಕನ್ನಡಿಯದ್ದು). ಎಫ್-ಸಂಖ್ಯೆ ಎಂದರೆ ಫೋಕಲ್ ಲೆಂಗ್ತ್ (ಬಿಂಬ ಮೂಡುವ ದೂರ) ವ್ಯಾಸದ ಎಷ್ಟು ಪಟ್ಟು ಎಂಬುದು. ಎರಡಕ್ಕೂ ನಾನು ಜೋಡಿಸುವುದು ಒಂದೇ ಕ್ಯಾಮೆರಾ, ಎಎಸ್‌ಐ533. ಪಿಕ್ಸೆಲ್ 3.76 ಮೈಕ್ರಾನ್, ಸೆನ್ಸರ್ 3008 × 3008. ಪಿಕ್ಸೆಲ್ ಅಳತೆಯನ್ನು 206.265ರಿಂದ ಗುಣಿಸಿ, ಮಿ.ಮೀ.ನಲ್ಲಿರುವ ಫೋಕಲ್ ಲೆಂಗ್ತ್‌ನಿಂದ ಭಾಗಿಸಿದರೆ ಒಂದು ಪಿಕ್ಸೆಲ್ ಎಷ್ಟು ಆರ್ಕ್‌ಸೆಕೆಂಡ್ (ಡಿಗ್ರಿಯ 3600ನೇ ಒಂದು ಭಾಗ) ಆಕಾಶ ಹಿಡಿಯುತ್ತದೆ ಎಂದು ಗೊತ್ತಾಗುತ್ತದೆ. 480 ಮಿ.ಮೀ.ನ ರಿಫ್ರ್ಯಾಕ್ಟರ್‌ಗೆ 1.62, 2032 ಮಿ.ಮೀ.ನ ಶ್ಮಿಟ್-ಕ್ಯಾಸೆಗ್ರೇನ್‌ಗೆ 0.38.

0.38 ಎಂದರೆ ನಾಲ್ಕು ಪಟ್ಟು ವಿವರ ಎಂದು ಆಸೆ ಹುಟ್ಟುತ್ತದೆ. ಗಾಳಿ ಅದಕ್ಕೆ ಅವಕಾಶ ಕೊಡುವುದಿಲ್ಲ. ಬೆಂಗಳೂರಿನ ನನ್ನ ತಾರಸಿಯಿಂದ ದೀರ್ಘ ಎಕ್ಸ್‌ಪೋಷರ್ ತೆಗೆದರೆ ನಕ್ಷತ್ರದ ಎಫ್‌ಡಬ್ಲ್ಯುಎಚ್‌ಎಂ (ಹೊಳಪು ಅರ್ಧಕ್ಕೆ ಇಳಿಯುವಲ್ಲಿನ ಅಗಲ) ಸಾಮಾನ್ಯವಾಗಿ 3ರಿಂದ 4 ಆರ್ಕ್‌ಸೆಕೆಂಡ್. ಅದನ್ನು 2–3 ಪಿಕ್ಸೆಲ್‌ಗಳಲ್ಲಿ ಹಿಡಿದರೆ ಸಾಕು, 0.38ರಲ್ಲಿ ಅದೇ ನಕ್ಷತ್ರ 8–10 ಪಿಕ್ಸೆಲ್ ಹರಡಿಕೊಳ್ಳುತ್ತದೆ. ವಿವರ ಅಷ್ಟೇ ಇರುತ್ತದೆ, ಪ್ರತಿ ಪಿಕ್ಸೆಲ್‌ಗೆ ಸಿಗುವ ಬೆಳಕು ಮಾತ್ರ ತೆಳುವಾಗುತ್ತದೆ.

ಹಾಗೆಂದು ದೊಡ್ಡ ಕೊಳವೆಯನ್ನು ಮೂಲೆಗೆ ಸೇರಿಸಬೇಡಿ. 0.63 ರಿಡ್ಯೂಸರ್ (ಫೋಕಲ್ ಲೆಂಗ್ತನ್ನು ಅಷ್ಟು ಪಟ್ಟಿಗೆ ಇಳಿಸುವ ಮಸೂರ) ಹಾಕಿ 1280 ಮಿ.ಮೀ.ಗೆ ಇಳಿಸಿದರೆ 0.61, ಅದನ್ನು 2×2 ಬಿನ್ ಮಾಡಿದರೆ (ನಾಲ್ಕು ಪಿಕ್ಸೆಲ್ ಸೇರಿಸಿ ಒಂದಾಗಿಸಿದರೆ) 1.21. ಈಗ ಪ್ರತಿ ಪಿಕ್ಸೆಲ್‌ಗೆ ಬೀಳುವ ಬೆಳಕು 80 ಮಿ.ಮೀ. ಕೊಡುವುದರ ಮೂರು ಪಟ್ಟಿಗಿಂತ ಸ್ವಲ್ಪ ಹೆಚ್ಚು, ಏಕೆಂದರೆ ಬೆಳಕು ಕೂಡಿಸುವ ಕನ್ನಡಿ ದೊಡ್ಡದು. ಬೆಲೆ ತೆರುವುದು ವ್ಯಾಪ್ತಿಯಲ್ಲಿ: 80 ಮಿ.ಮೀ.ನಲ್ಲಿ 81 ಆರ್ಕ್‌ಮಿನಿಟ್ (ಡಿಗ್ರಿಯ 60ನೇ ಒಂದು ಭಾಗ) ಇದ್ದದ್ದು ಇಲ್ಲಿ 30ಕ್ಕೆ ಇಳಿಯುತ್ತದೆ. ಎಂ57 ಉಂಗುರ ನೀಹಾರಿಕೆಗೆ ಅದು ಧಾರಾಳ. ಸುಮಾರು 3 ಡಿಗ್ರಿ ಉದ್ದದ ಆಂಡ್ರೊಮಿಡಾ ಗ್ಯಾಲಕ್ಸಿ ಮಾತ್ರ ಈ ಸೆನ್ಸರ್‌ಗೆ ಎರಡೂ ಕೊಳವೆಗಳಲ್ಲಿ ಒಗ್ಗದು, 4.3 ಮೈಕ್ರಾನ್ ಪಿಕ್ಸೆಲ್‌ನ, ಇದಕ್ಕಿಂತ ದೊಡ್ಡ ಸೆನ್ಸರ್ ಇರುವ ಎಪಿಎಸ್-ಸಿ ಡಿಎಸ್‌ಎಲ್‌ಆರ್ ಅನ್ನು 80 ಮಿ.ಮೀ.ಗೆ 0.8 ರಿಡ್ಯೂಸರ್ ಜೊತೆ ಹಾಕಿದರೆ ಉದ್ದಕ್ಕೆ 3.3 ಡಿಗ್ರಿ ಸಿಗುತ್ತದೆ.

ರಿಡ್ಯೂಸರ್ ಮೇಲೆ ಬರೆದ ಅಂಕಿಯನ್ನು ನಂಬಿ ಕೂರಬಾರದು. ಸೆನ್ಸರ್‌ವರೆಗಿನ ಅಂತರ 105 ಮಿ.ಮೀ. ಇದ್ದಾಗ ಮಾತ್ರ ಅದು 0.63. ನನ್ನ ಜೋಡಣೆ: 50 ಮಿ.ಮೀ. ಟಿ-ಅಡಾಪ್ಟರ್, 16.5 ಮತ್ತು 21ರ ಉಂಗುರಗಳು, ಕ್ಯಾಮೆರಾದ ಒಳಗಿನ 17.5. ನಡುವೆ 2 ಮಿ.ಮೀ. ಫಿಲ್ಟರ್ ಬಂದರೆ ಅದರ ಮೂರನೇ ಒಂದು ಭಾಗ, ಸುಮಾರು 0.7 ಮಿ.ಮೀ., ಹೆಚ್ಚುವರಿ ಬೇಕು. ಮೊದಲ ಫ್ರೇಮನ್ನೇ ಆಸ್ಟಾಪ್ ಎಂಬ ತಂತ್ರಾಂಶದಲ್ಲಿ ಪ್ಲೇಟ್-ಸಾಲ್ವ್ ಮಾಡಿ; ನಕ್ಷತ್ರಗಳನ್ನು ಗುರುತಿಸಿ ಅದು ನಿಜವಾದ ಸ್ಕೇಲ್ (ಪಿಕ್ಸೆಲ್‌ಗೆ ಎಷ್ಟು ಆರ್ಕ್‌ಸೆಕೆಂಡ್) ಹೇಳುತ್ತದೆ. ಬಿನ್ ಮಾಡದ ಫ್ರೇಮ್‌ನಲ್ಲಿ 0.61ಕ್ಕಿಂತ ಕಡಿಮೆ ಬಂದರೆ ಮೊದಲು ಅಂತರ ಸಾಲದೆಂದು ಅನುಮಾನಿಸಿ.

ಗೈಡಿಂಗ್ (ಇನ್ನೊಂದು ಕ್ಯಾಮೆರಾದಿಂದ ನಕ್ಷತ್ರವೊಂದನ್ನು ಗಮನಿಸುತ್ತ ದೂರದರ್ಶಕದ ಗುರಿ ತಪ್ಪದಂತೆ ತಿದ್ದುವುದು) ಕೂಡ ಸ್ಕೇಲ್‌ಗೆ ತಕ್ಕಂತೆ ಬದಲಾಗಬೇಕು. 120 ಮಿ.ಮೀ. ಗೈಡ್ ದೂರದರ್ಶಕಕ್ಕೆ 3.75 ಮೈಕ್ರಾನ್ ಕ್ಯಾಮೆರಾ ಹಾಕಿದರೆ 6.4 ಆರ್ಕ್‌ಸೆಕೆಂಡ್, ರಿಫ್ರ್ಯಾಕ್ಟರ್‌ಗೆ ಸಾಕು. ಶ್ಮಿಟ್-ಕ್ಯಾಸೆಗ್ರೇನ್‌ನಲ್ಲಿ ಕನ್ನಡಿಯೇ ಅಲ್ಪಸ್ವಲ್ಪ ಜಾರುತ್ತದೆ, ಹೊರಗಿನ ಗೈಡ್‌ಗೆ ಅದು ಕಾಣುವುದೇ ಇಲ್ಲ. ಅದೇ ಕೊಳವೆಯ ಅಂಚಿನ ಬೆಳಕನ್ನು ಗೈಡ್ ಕ್ಯಾಮೆರಾಗೆ ತಿರುಗಿಸುವ ಆಫ್-ಆಕ್ಸಿಸ್ ಗೈಡರ್ ಹಾಕಿ, ಅದರ ದಪ್ಪವನ್ನು 105ರೊಳಗೇ ಹೊಂದಿಸಿ.

ಗ್ರಹಗಳಿಗೆ ಈ ಲೆಕ್ಕ ತಿರುವುಮುರುವು. ಅಲ್ಲಿ ಕೆಲವೇ ಮಿಲಿಸೆಕೆಂಡಿನ ಸಾವಿರಾರು ಫ್ರೇಮ್ ತೆಗೆದು ಒಳ್ಳೆಯವನ್ನಷ್ಟೇ ಆರಿಸುವುದರಿಂದ ಗಾಳಿಯ ಕಾಟ ಕಡಿಮೆ. ಎಫ್-ಸಂಖ್ಯೆ ಪಿಕ್ಸೆಲ್ ಅಳತೆಯ ಸುಮಾರು ಐದು ಪಟ್ಟು ಇರಲಿ: 2.9 ಮೈಕ್ರಾನ್‌ಗೆ ಎಫ್/14.5, ಅಂದರೆ ಎಫ್/10ಕ್ಕೆ 1.5 ಪಟ್ಟಿನ ಬಾರ್ಲೋ (ಫೋಕಲ್ ಲೆಂಗ್ತ್ ಹೆಚ್ಚಿಸುವ ಮಸೂರ).