ಅವಳಿ ಭೂಕಂಪಗಳು ಮತ್ತು ಸೆಕೆಂಡಿನ ಹತ್ತನೇ ಒಂದು ಭಾಗ

ಭೂಮಿಯ ನಟ್ಟನಡುವಿನ ಘನ ಗೋಳವಾದ ಒಳತಿರುಳು ಉಳಿದ ಭೂಮಿಗಿಂತ ಬೇರೆ ವೇಗದಲ್ಲಿ ತಿರುಗುತ್ತದೆಯೇ ಎಂದು ಭೂಕಂಪದ ಅಲೆಗಳಿಂದ ತಿಳಿಯಲು ಹೊರಟಿದ್ದೆ. ಮೊದಲು ನನಗೆ ಬೇಕಾಗಿದ್ದುದು ಅವಳಿ ಭೂಕಂಪಗಳು. ಅಂದರೆ, ನೆಲದಾಳದ ಬಿರುಕಿನ ಅದೇ ತುಣುಕು ಕೆಲವು ವರ್ಷಗಳ ಬಳಿಕ ಅಷ್ಟೇ ಬಲದಿಂದ ಮತ್ತೆ ಜಾರಿದ ಜೋಡಿ. ದಕ್ಷಿಣ ಅಟ್ಲಾಂಟಿಕ್‌ನ ಸೌತ್ ಸ್ಯಾಂಡ್‌ವಿಚ್ ದ್ವೀಪಗಳ ಬಳಿ 1993ರಲ್ಲಿ ಮತ್ತು 2003ರಲ್ಲಿ ಆದ ಅಂಥ ಜೋಡಿಯೊಂದು ಈ ಕ್ಷೇತ್ರದಲ್ಲಿ ಪ್ರಸಿದ್ಧ. ಅಲ್ಲಿ ಎದ್ದ ಅಲೆ ಭೂಗರ್ಭವನ್ನು ಹಾದು ಅಲಾಸ್ಕಾ ತಲುಪಲು ಸುಮಾರು 20 ನಿಮಿಷ ಬೇಕು. ನಾನು ಅಲಾಸ್ಕಾದ ದಾಖಲೆಗಳನ್ನೇ ತೆಗೆದುಕೊಂಡೆ.

ಎರಡೂ ರೇಖೆಗಳನ್ನು ಒಂದರ ಮೇಲೊಂದು ಇಟ್ಟಾಗ ಆದ ರೋಮಾಂಚನ ಈಗಲೂ ನೆನಪಿದೆ. ಹತ್ತು ವರ್ಷಗಳ ಅಂತರದಲ್ಲಿ ನೆಲ ಅದೇ ಸಹಿಯನ್ನು ಮತ್ತೆ ಹಾಕಿದಂತಿತ್ತು.

ಅಲೆ ಬಂದು ಮುಟ್ಟಿದ ಗಳಿಗೆಯನ್ನು ಮಾತ್ರ ನಂಬುವಂತಿಲ್ಲ. ಇದನ್ನು ನಾನು ಕಲಿತದ್ದು ಇನ್ನೊಂದು ಜೋಡಿಯಿಂದ. ಅದರಲ್ಲಿ ದೊಡ್ಡ ವ್ಯತ್ಯಾಸ ಕಂಡು ಎರಡು ದಿನ ಹಿಗ್ಗಿದ್ದೆ. ಆಮೇಲೆ ನೋಡಿದರೆ ಎಲ್ಲ ಅಲೆಗಳೂ ಒಟ್ಟಿಗೇ ಸರಿದಿದ್ದವು. ತಪ್ಪಿದ್ದುದು ಅಲೆಗಳನ್ನು ದಾಖಲಿಸಿದ ಕೇಂದ್ರದ ಗಡಿಯಾರ. ಇದಕ್ಕೆ ಪರಿಹಾರ ಅಲೆಗಳಲ್ಲೇ ಇದೆ. ಡಿ.ಎಫ್ ಎಂಬ ಅಲೆ ಒಳತಿರುಳನ್ನು ತೂರಿ ಮೊದಲು ಬರುತ್ತದೆ. ಅದರ ಹಿಂದೆಯೇ ಬರುವ ಬಿ.ಸಿ ಅಲೆ ದ್ರವರೂಪದ ಹೊರತಿರುಳಿನಲ್ಲಷ್ಟೇ ಸಾಗಿರುತ್ತದೆ. ಉಳಿದ ದಾರಿ ಹೆಚ್ಚುಕಡಿಮೆ ಒಂದೇ. ಹಾಗಾಗಿ ಬಿ.ಸಿಯನ್ನು ಬಿ.ಸಿಗೆ ಹೊಂದಿಸಿ, ಡಿ.ಎಫ್ ಎಷ್ಟು ಸರಿದಿದೆ ಎಂದು ನೋಡಿದರೆ ಗಡಿಯಾರದ ದೋಷ ತಾನಾಗಿಯೇ ಕಳೆದುಹೋಗುತ್ತದೆ. ಇಷ್ಟು ಸರಳವೂ ಸುಂದರವೂ ಆದ ಉಪಾಯವನ್ನು ನಾನು ಬೇರೆಲ್ಲೂ ಕಂಡಿಲ್ಲ.

1993–2003ರ ಜೋಡಿಯಲ್ಲಿ, ಎರಡನೆಯ ಸಲ ಡಿ.ಎಫ್ ಸುಮಾರು 0.1 ಸೆಕೆಂಡ್ ಬೇಗ ಬಂದಿತ್ತು. ಸೆಕೆಂಡಿಗೆ 20 ಬಿಂದುಗಳಿರುವ ದಾಖಲೆಯಲ್ಲಿ ಇದು ಎರಡೇ ಬಿಂದುಗಳ ದೂರ. ಅದಕ್ಕೇ ಬಿಂದುಗಳ ನಡುವಿನ ಬೆಲೆಗಳನ್ನು ಲೆಕ್ಕಹಾಕಿ, ಫಿಲ್ಟರ್ ಬದಲಿಸಿ, ಮತ್ತೆ ಮತ್ತೆ ಅಳೆದೆ. ಪ್ರತಿ ಸಲವೂ ಉತ್ತರ ಅದರ ಆಸುಪಾಸಿನಲ್ಲೇ ನಿಂತಿತು.

ಒಳತಿರುಳು ಎಲ್ಲೆಡೆ ಒಂದೇ ಬಗೆಯದಲ್ಲ. ಅದು ತಿರುಗಿದರೆ ಅಲೆಯ ದಾರಿಗೆ ಬೇರೆ ಭಾಗ ಎದುರಾಗುತ್ತದೆ, ವೇಗ ಬದಲಾಗುತ್ತದೆ. ಒಳತಿರುಳಿನ ಮೇಲ್ಮೈಯೇ ಬದಲಾಗುತ್ತಿರಬಹುದು ಎನ್ನುವವರೂ ಇದ್ದಾರೆ. ಒಂದು ಜೋಡಿಯಿಂದ ಇದು ತೀರ್ಮಾನವಾಗದು. 1991ರಿಂದ 2023ರವರೆಗಿನ 121 ಭೂಕಂಪಗಳನ್ನು ಹೋಲಿಸಿದ 2024ರ ಅಧ್ಯಯನ ಇಲ್ಲೇ ನನಗೆ ಮುಖ್ಯವಾಯಿತು. ಬದಲಾಗಿದ್ದ ಅಲೆಯ ಆಕಾರ ವರ್ಷಗಳ ನಂತರ ಹಳೆಯ ಆಕಾರಕ್ಕೇ ಮರಳಿದ್ದನ್ನು ಅದು ತೋರಿಸಿತು: ಒಳತಿರುಳು ನಿಧಾನಗೊಂಡು, ಹೊರಪದರಕ್ಕೆ ಹೋಲಿಸಿದರೆ ಬಂದ ದಾರಿಯಲ್ಲೇ ಹಿಂದೆ ಸರಿದಿದೆ. ಈಗ ನಾನು ಜೋಡಿಗಳನ್ನು ಬಿಟ್ಟು, ಮೂರು ಸಲ ಮರುಕಳಿಸಿದ ಭೂಕಂಪಗಳನ್ನು ಹುಡುಕುತ್ತಿದ್ದೇನೆ. ಮೊದಲನೆಯದಕ್ಕೂ ಮೂರನೆಯದಕ್ಕೂ ಡಿ.ಎಫ್ ಹೊಂದಿ, ನಡುವಿನದು ಮಾತ್ರ ಬೇರೆಯಾಗಿರಬೇಕು.