ಒಂದೇ ಸ್ವಿಚ್, ಮೂರು ಗುಂಪು: ಅಂಗಡಿ ನೆಟ್‌ವರ್ಕ್‌ನಲ್ಲಿ ಪೋರ್ಟ್ ಹಂಚುವುದು ಹೇಗೆ

ದಾವಣಗೆರೆ ಮಂಡಿಪೇಟೆ ಕಡೆಯ ಅಂಗಡಿಯೊಂದನ್ನು ಕಣ್ಣ ಮುಂದೆ ಇಟ್ಟುಕೊಳ್ಳಿ. ಮುಂದೆ ಬಿಲ್ಲಿಂಗ್, ಹಿಂದೆ ಗೋಡೌನ್‌ನಲ್ಲಿ ಕ್ಯಾಮೆರಾ, ಮಹಡಿ ಮೇಲೆ ಗಿರಾಕಿಗಳಿಗೆ ವೈಫೈ. ಎಲ್ಲ ಕೇಬಲ್ಲೂ ಬಂದು ಸೇರುವುದು ಒಂದೇ 24 ಪೋರ್ಟ್ ಸ್ವಿಚ್‌ಗೆ. ಹಾಗೇ ಬಿಟ್ಟರೆ ಯಾರದೋ ಮೊಬೈಲ್ ಮತ್ತು ನಿಮ್ಮ ಲೆಕ್ಕದ ಕಂಪ್ಯೂಟರ್ ಒಂದೇ ನೆಟ್‌ವರ್ಕ್‌ನಲ್ಲಿ ಕೂತಿರುತ್ತವೆ. ಇದಕ್ಕಾಗಿ ಮೂರು ಸ್ವಿಚ್ ಕೊಳ್ಳಬೇಕಿಲ್ಲ, ಪೋರ್ಟ್‌ಗಳನ್ನು ವಿಲ್ಯಾನ್ (ಒಂದೇ ಸ್ವಿಚ್ಚಿನೊಳಗೆ ಬೇರೆ ಬೇರೆ ನೆಟ್‌ವರ್ಕ್) ಗುಂಪುಗಳಾಗಿ ಹಂಚಿದರೆ ಸಾಕು. ಸ್ವಿಚ್ ಮಾತ್ರ ಸ್ಮಾರ್ಟ್ ಅಥವಾ ಮ್ಯಾನೇಜ್ಡ್, ಅಂದರೆ ಸೆಟ್ಟಿಂಗ್ ಬದಲಿಸಬಹುದಾದದ್ದು ಆಗಿರಬೇಕು. ಅನ್‌ಮ್ಯಾನೇಜ್ಡ್ ಪೆಟ್ಟಿಗೆಯಲ್ಲಿ ಈ ಕೆಲಸ ಆಗದು.

ಮೊದಲು ಕಾಗದದ ಮೇಲೆ ಬರೆದುಕೊಳ್ಳಿ:

1–8: ಬಿಲ್ಲಿಂಗ್, ವಿಲ್ಯಾನ್ 10
9–16: ಕ್ಯಾಮೆರಾ ಮತ್ತು ಎನ್‌ವಿಆರ್ (ಕ್ಯಾಮೆರಾ ದೃಶ್ಯ ದಾಖಲಿಸುವ ಪೆಟ್ಟಿಗೆ), ವಿಲ್ಯಾನ್ 20
17–20: ಗಿರಾಕಿ ವೈಫೈ, ವಿಲ್ಯಾನ್ 30
21–22: ಖಾಲಿ, ಡಿಸೇಬಲ್ ಮಾಡಿ
23: ಸೆಟ್ಟಿಂಗ್‌ಗೆ ಮಾತ್ರ, ವಿಲ್ಯಾನ್ 1 (ಮೊದಲಿಗೆ ಎಲ್ಲ ಪೋರ್ಟೂ ಇರುವ ಗುಂಪು)
24: ರೂಟರ್‌ಗೆ

ವಿಲ್ಯಾನ್ ಸಂಖ್ಯೆ 1ರಿಂದ 4094ರವರೆಗೆ ಯಾವುದಾದರೂ ಆಗಬಹುದು. ಹತ್ತು ಹತ್ತು ಬಿಟ್ಟು ಕೊಟ್ಟರೆ ನೆನಪಿಡಲು ಸುಲಭ.

ಲ್ಯಾಪ್‌ಟಾಪನ್ನು 23ಕ್ಕೇ ಚುಚ್ಚಿ. ಸ್ವಿಚ್ಚಿನ ಐಪಿ (ನೆಟ್‌ವರ್ಕ್‌ನಲ್ಲಿ ಅದರ ವಿಳಾಸ) ಸಾಮಾನ್ಯವಾಗಿ ಅದರ ತಳದ ಲೇಬಲ್ ಮೇಲಿರುತ್ತದೆ. ಲ್ಯಾಪ್‌ಟಾಪ್‌ಗೆ ಅದೇ ಸಾಲಿನ ಇನ್ನೊಂದು ಐಪಿಯನ್ನು ಕೈಯಾರೆ ಕೊಟ್ಟು, ಬ್ರೌಸರಿನಲ್ಲಿ ಸ್ವಿಚ್ಚಿನ ಐಪಿ ತೆರೆದು ಲಾಗಿನ್ ಆಗಿ. ಬೇರೆ ಪೋರ್ಟಿನಲ್ಲಿ ಕೂತು ಕೆಲಸ ಶುರು ಮಾಡಿದವರು ನಡುವೆ ಆ ಪೋರ್ಟನ್ನೇ ವಿಲ್ಯಾನ್ 1ರಿಂದ ತೆಗೆದು ಹೊರಗೆ ಬೀಳುತ್ತಾರೆ. ಕೂತ ಕೊಂಬೆಯನ್ನೇ ಕಡಿದ ಹಾಗೆ.

ಒಳಗೆ ಹೋದ ಮೇಲೆ ಮೂರು ವಿಲ್ಯಾನ್ ಸೃಷ್ಟಿಸಿ. ಆಯಾ ಪೋರ್ಟ್‌ಗಳನ್ನು ಆಯಾ ಗುಂಪಿಗೆ ‘ಅನ್‌ಟ್ಯಾಗ್ಡ್’ (ಡೇಟಾ ಮೇಲೆ ವಿಲ್ಯಾನ್ ಸಂಖ್ಯೆಯ ಚೀಟಿ ಇಲ್ಲದೆ) ಎಂದು ಸೇರಿಸಿ. 24ನ್ನು ಮೂರಕ್ಕೂ ‘ಟ್ಯಾಗ್ಡ್’ (ಚೀಟಿ ಸಮೇತ) ಎಂದು ಸೇರಿಸಿ. ಆಮೇಲೆ ಪಿವಿಐಡಿ ಪುಟಕ್ಕೆ ಹೋಗಿ 1–8ಕ್ಕೆ 10, 9–16ಕ್ಕೆ 20, 17–20ಕ್ಕೆ 30 ಎಂದು ಹಾಕಿ. ಈ ಪೋರ್ಟ್‌ಗಳನ್ನು ವಿಲ್ಯಾನ್ 1ರಿಂದ ತೆಗೆಯುವುದು ಕೊನೆಗೆ.

ಹೆಚ್ಚಿನವರು ಎಡವುವುದು ಪಿವಿಐಡಿಯಲ್ಲಿ. ಗುಂಪಿನ ಸದಸ್ಯತ್ವ ಹೇಳುವುದು ಯಾವ ಡೇಟಾ ಈ ಪೋರ್ಟಿನಿಂದ ಹೊರಗೆ ಹೋಗಬಹುದು ಎಂದು. ಟ್ಯಾಗ್ ಇಲ್ಲದೆ ಒಳಗೆ ಬಂದ ಡೇಟಾ ಯಾವ ಗುಂಪಿಗೆ ಸೇರಬೇಕು ಎಂದು ಹೇಳುವುದು ಪಿವಿಐಡಿ. 5ನೇ ಪೋರ್ಟನ್ನು 10ಕ್ಕೆ ಸೇರಿಸಿ ಪಿವಿಐಡಿಯನ್ನು 1ರಲ್ಲೇ ಬಿಟ್ಟಿರಿ ಅನ್ನಿ. ವಿಲ್ಯಾನ್ 1ರಿಂದ ಇನ್ನೂ ತೆಗೆದಿಲ್ಲದಿದ್ದರೆ ಕಂಪ್ಯೂಟರ್‌ಗೆ ಹಳೆಯ ನೆಟ್‌ವರ್ಕ್‌ನ ಐಪಿಯೇ ಬರುತ್ತದೆ, ಎಲ್ಲ ಸರಿಯಿದೆ ಅನಿಸುತ್ತದೆ. ತೆಗೆದಿದ್ದರೆ 169.254ರಿಂದ ಶುರುವಾಗುವ ಐಪಿ ಕಾಣುತ್ತದೆ, ಅಂದರೆ ರೂಟರಿನಿಂದ ಐಪಿ ಸಿಕ್ಕಿಲ್ಲ. ಆಗ ಕೇಬಲ್ ಬದಲಿಸುವ ಮೊದಲು ಪಿವಿಐಡಿ ನೋಡಿ. ಕೆಲವು ಸ್ವಿಚ್‌ಗಳು ಇದನ್ನು ತಾವೇ ಬದಲಿಸಿಕೊಳ್ಳುತ್ತವೆ, ಅಗ್ಗದ ಬಹಳಷ್ಟು ಬದಲಿಸವು.

ರೂಟರಿನಲ್ಲಿಯೂ ಅದೇ ಮೂರು ವಿಲ್ಯಾನ್ ಬೇಕು: 192.168.10.1, 192.168.20.1, 192.168.30.1, ಒಂದೊಂದಕ್ಕೂ ಪ್ರತ್ಯೇಕ ಡಿಎಚ್‌ಸಿಪಿ (ಸಾಧನಗಳಿಗೆ ತಾನಾಗಿ ಐಪಿ ಹಂಚುವ ವ್ಯವಸ್ಥೆ). ಇಲ್ಲಿಗೆ ಮುಗಿಯಿತು ಅಂದುಕೊಳ್ಳಬೇಡಿ. ಸ್ವಿಚ್ ಕಟ್ಟಿದ ಗೋಡೆಯಲ್ಲಿ ರೂಟರ್ ಸಾಮಾನ್ಯವಾಗಿ ತಾನೇ ಬಾಗಿಲು ತೆರೆದಿಡುತ್ತದೆ. 30ರಿಂದ 10ಕ್ಕೂ 20ಕ್ಕೂ ಹೋಗುವುದನ್ನು ಫೈರ್‌ವಾಲ್ ನಿಯಮ ಹಾಕಿ ತಡೆಯಿರಿ. ವೈಫೈಗೆ ಸೇರಿದ ಮೊಬೈಲಿನಿಂದ ಬಿಲ್ಲಿಂಗ್ ಕಂಪ್ಯೂಟರನ್ನೂ ಎನ್‌ವಿಆರ್ ಅನ್ನೂ ಪಿಂಗ್ ಮಾಡಿ, ಅಂದರೆ ಉತ್ತರ ಕೊಡುತ್ತವೆಯೇ ಎಂದು ಕೂಗಿ ನೋಡಿ. ಉತ್ತರ ಬಂದರೆ ನಿಯಮ ಕೂತಿಲ್ಲ. ಆದರೆ ವಿಂಡೋಸ್ ತಾನೇ ಪಿಂಗ್ ತಡೆಯುವುದುಂಟು, ಹಾಗಾಗಿ ಎನ್‌ವಿಆರ್‌ನ ಲಾಗಿನ್ ಪುಟವನ್ನೂ ತೆರೆದು ನೋಡುವುದು ಒಳ್ಳೆಯದು.

ಇಂಟರ್‌ನೆಟ್ ಕಂಪನಿ ಕೊಟ್ಟ ಮೋಡೆಮ್‌ನಲ್ಲಿ ವಿಲ್ಯಾನ್ ಸೌಲಭ್ಯ ಸಿಗದಿದ್ದರೆ ಸ್ವಿಚ್ಚಿನ ‘ಪೋರ್ಟ್ ಬೇಸ್ಡ್’ ಮೋಡ್ ಬಳಸಿ, 24ನ್ನು ಮೂರೂ ಗುಂಪಿನಲ್ಲಿ ಇಡಿ. ಎಲ್ಲಕ್ಕೂ ಒಂದೇ ಸಾಲಿನ ಐಪಿ ಬಂದರೂ ಗುಂಪುಗಳು ಒಂದನ್ನೊಂದು ಕಾಣವು. ಬಿಲ್ಲಿಂಗ್ ಕಂಪ್ಯೂಟರಿನಲ್ಲೇ ಕ್ಯಾಮೆರಾ ನೋಡಬೇಕಾದರೆ ಎನ್‌ವಿಆರ್ ಪೋರ್ಟನ್ನು ಎರಡೂ ಗುಂಪಿಗೆ ಹಾಕಿ.

ರಾತ್ರಿ ಕ್ಯಾಮೆರಾಗಳು ಒಂದೊಂದೇ ಆರಿದರೆ ವಿಲ್ಯಾನ್ ಮೇಲೆ ಅನುಮಾನ ಬೇಡ. ಕತ್ತಲಾದ ಮೇಲೆ ಇನ್‌ಫ್ರಾರೆಡ್ ದೀಪ ಹತ್ತಿ ವಿದ್ಯುತ್ ಹೆಚ್ಚು ಎಳೆಯುತ್ತದೆ. ಪಿಒಇ (ನೆಟ್‌ವರ್ಕ್ ಕೇಬಲ್ಲಿನಲ್ಲೇ ವಿದ್ಯುತ್ ಕೊಡುವ) ಪೋರ್ಟ್ ತಲಾ 15.4 ವ್ಯಾಟ್ ಕೊಡಬಲ್ಲದಾದರೂ ಇಡೀ ಸ್ವಿಚ್ಚಿನ ಒಟ್ಟು ಮಿತಿ ಬೇರೆ. 7 ಕ್ಯಾಮೆರಾ ತಲಾ 9 ವ್ಯಾಟ್ ಎಳೆದರೆ 63 ಆಯಿತು. 60 ವ್ಯಾಟ್ ಸ್ವಿಚ್‌ಗೆ ಅದು ತಡೆಯದು.

‘ಅಪ್ಲೈ’ ಒತ್ತಿದರೆ ಸಾಲದು, ‘ಸೇವ್ ಕಾನ್ಫಿಗ್’ ಬೇರೆಯಾಗಿ ಒತ್ತಬೇಕಾದ ಸ್ವಿಚ್‌ಗಳೇ ಹೆಚ್ಚು. ಇಲ್ಲದಿದ್ದರೆ ಕರೆಂಟ್ ಹೋಗಿ ಬಂದಾಗ ಎಲ್ಲ ಪೋರ್ಟೂ ವಿಲ್ಯಾನ್ 1ಕ್ಕೆ ಮರಳಿರುತ್ತವೆ. ಕಾನ್ಫಿಗ್ ಫೈಲನ್ನು ಪೆನ್‌ಡ್ರೈವ್‌ಗೂ ಇಳಿಸಿಕೊಂಡು, ಮೊದಲು ಬರೆದ ಆ ಕಾಗದವನ್ನು ರ‍್ಯಾಕ್ ಬಾಗಿಲಿನ ಒಳಮೈಗೆ ಅಂಟಿಸಿ.